ಕೂಸು ಹುಟ್ಟುವ ಮುಂಚೆಯೇ ಕುಲಾವಿ: ಸ್ಕೇಟಿಂಗ್ ಅಭಿಮಾನಿಗಳ ಸಿಟ್ಟಿನ ಲೆಕ್ಕ

2019ರ ಜನವರಿ, ಅಮೆರಿಕದ ಡೆಟ್ರಾಯ್ಟ್. ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆ ಮುಗಿದು ಪದಕ ಕೊಡುವ ಹೊತ್ತು. ಗೆದ್ದ ಹುಡುಗಿ ವೇದಿಕೆಯ ನಡುವಿನ ಎತ್ತರದ ಮೆಟ್ಟಿಲು ಹತ್ತಬೇಕು. ಹತ್ತಲು ಆಗುತ್ತಿಲ್ಲ, ಅವಳು ಅಷ್ಟು ಗಿಡ್ಡ. ಎರಡನೇ, ಮೂರನೇ ಸ್ಥಾನ ಬಂದ ಯುವತಿಯರಿಬ್ಬರು ಆಚೆ ಈಚೆಯಿಂದ ಕೈ ಕೊಟ್ಟು ಅವಳನ್ನು ಮೇಲೆ ಹತ್ತಿಸಿದರು. ಹೆಸರು ಅಲಿಸಾ ಲಿಯು, ವಯಸ್ಸು 13. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪಟ್ಟ ಗೆದ್ದವರು ಅಮೆರಿಕದಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಆ ದೃಶ್ಯವನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ. ಮುದ್ದು ಬರುವಂಥದ್ದೇ. ಆದರೆ ಅದಾದ ಮೇಲೆ ಶುರುವಾದದ್ದು ಬೇರೆ ಆಟ. ಟಿವಿ ಶೋಗಳಿಗೆ ಕರೆ, ಸಂದರ್ಶನಗಳು, ಅಮೆರಿಕದ ಸ್ಕೇಟಿಂಗನ್ನು ಉಳಿಸಲು ಬಂದ ಹುಡುಗಿ ಎಂಬ ಬಿರುದು, ಅಮೆರಿಕದ ಹಳೆಯ ಸ್ಕೇಟಿಂಗ್ ತಾರೆಯ ಹೆಸರು ಹಿಡಿದು ಮುಂದಿನ ಮಿಷೆಲ್ ಕ್ವಾನ್ ಎಂಬ ಹೋಲಿಕೆ. ಆಗಲೇ 2022ರ ಒಲಿಂಪಿಕ್ ಚಿನ್ನದ ಮಾತು. ಇತ್ತ ಈ ಆಟವನ್ನು ವರ್ಷಪೂರ್ತಿ ನೋಡುವ ಅಭಿಮಾನಿಗಳು ಹಣೆ ಚಚ್ಚಿಕೊಳ್ಳುತ್ತಿದ್ದರು. ಯಾಕೆಂದರೆ ಈ ರಾಷ್ಟ್ರೀಯ ಚಾಂಪಿಯನ್ ಆ ವರ್ಷ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗುವ ಹಾಗಿರಲಿಲ್ಲ. ಅಷ್ಟೇ ಅಲ್ಲ, ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ಗೂ ಹೋಗುವ ಹಾಗಿರಲಿಲ್ಲ. ಜೂನಿಯರ್ ಆಗಲು ಋತು ಶುರುವಾಗುವ ಜುಲೈ 1ಕ್ಕೆ ಮೊದಲೇ 13 ತುಂಬಿರಬೇಕು. ಅವಳು ಹುಟ್ಟಿದ್ದು ಆಗಸ್ಟ್ 8. ಐದು ವಾರ ತಡ. ಹೊರದೇಶದ ದೊಡ್ಡ ಸ್ಪರ್ಧೆಯೊಂದರಲ್ಲೂ ತೂಗಿ ನೋಡಲಾಗದ ಹುಡುಗಿಗೆ ಮೂರು ವರ್ಷ ಮುಂಚೆ ಚಿನ್ನ ಕೊಟ್ಟಾಗಿತ್ತು.

ಇಂಥ ಹೊತ್ತಿನಲ್ಲಿ ಅಭಿಮಾನಿಗಳು ಬಾಯಿಬಿಟ್ಟರೆ ಬರುವ ಉತ್ತರ ಒಂದೇ: ಮಗುವಿನ ಮೇಲೆ ಹೊಟ್ಟೆಕಿಚ್ಚಾ? ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಈ ಜಗಳ ಮರುಪ್ರಸಾರವಾಗುತ್ತದೆ. ಮಗುವಿನ ಹೆಸರು ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಹೊಟ್ಟೆಕಿಚ್ಚಿನವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಬಹುಪಾಲು ಸಿಟ್ಟು ಮಗುವಿನ ಮೇಲಿನದಲ್ಲ. ಒಂದು, ಲೆಕ್ಕ ತಪ್ಪಿದ್ದಕ್ಕೆ ಬರುವ ಸಿಟ್ಟು. ಇನ್ನೊಂದು, ಹಿಂದಿನ ಮಕ್ಕಳಿಗೆ ಏನಾಯಿತು ಅಂತ ನೆನಪಿರುವವರ ಸಿಟ್ಟು.

ಲೆಕ್ಕದ ಮಾತು

ಹೊರಗಿನವರಿಗೆ ಫಿಗರ್ ಸ್ಕೇಟಿಂಗ್ ಅಂದರೆ ಸಂಗೀತ, ಹೊಳೆಯುವ ಬಟ್ಟೆ, ಗಾಳಿಯಲ್ಲಿ ಗಿರಗಿರ. ಒಳಗಿನವರಿಗೆ ಅದು ಒಂದು ಹಾಳೆ. ಸ್ಪರ್ಧೆ ಮುಗಿದ ಮೇಲೆ ಹೊರಬರುವ ಅಂಕಪಟ್ಟಿಯನ್ನು ಅವರು ಪ್ರೋಟೋಕಾಲ್ ಅನ್ನುತ್ತಾರೆ. ಒಂದೊಂದು ಹಾರಿಕೆಗೂ ಒಂದು ಸಾಲು, ಒಬ್ಬೊಬ್ಬ ತೀರ್ಪುಗಾರರಿಗೂ ಒಂದು ಕಾಲಂ. ನಿಜವಾದ ಅಭಿಮಾನಿ ಪದಕ ಪ್ರದಾನ ನೋಡುವುದನ್ನು ಬಿಟ್ಟು ಈ ಹಾಳೆ ತೆರೆದು ಕೂತಿರುತ್ತಾನೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಲಟ್ಸ್ ಎಂಬ ಹಾರಿಕೆ ಇದೆ. ಗಾಳಿಯಲ್ಲಿ ಮೂರು ಸುತ್ತು ಸುತ್ತಿದರೆ ಅದು ಟ್ರಿಪಲ್ ಲಟ್ಸ್, ಮೂಲ ಬೆಲೆ 5.9 ಅಂಕ. ನಾಲ್ಕು ಸುತ್ತಿದರೆ ಕ್ವಾಡ್ ಲಟ್ಸ್, ಮೂಲ ಬೆಲೆ 11.5. ಸುತ್ತು ಒಂದೇ ಜಾಸ್ತಿ, ಅಂಕ ಹೆಚ್ಚುಕಡಿಮೆ ಎರಡರಷ್ಟು. ಸುದ್ದಿಯ ಶೀರ್ಷಿಕೆಗೆ ಇಷ್ಟು ಸಾಕು. ಆದರೆ ಹಾರಿದವಳು ಬಿದ್ದಳು ಅಂದುಕೊಳ್ಳಿ. ಹಾರಿಕೆಯ ಗುಣಕ್ಕೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರ ತನಕ ಕೊಡುತ್ತಾರೆ. ಬಿದ್ದರೆ ಮೈನಸ್ 5, ಅಂದರೆ ಮೂಲ ಬೆಲೆಯಲ್ಲಿ ಅರ್ಧ ಹೋಯಿತು. ಉಳಿದದ್ದು 5.75. ಬಿದ್ದದ್ದಕ್ಕೆ ಪ್ರತ್ಯೇಕ ದಂಡ 1 ಅಂಕ. ಕೈಗೆ ಸಿಕ್ಕಿದ್ದು 4.75. ಪಕ್ಕದ ಹುಡುಗಿ ಸುಮ್ನೆ ಒಂದು ಸಾಧಾರಣ ಟ್ರಿಪಲ್ ಹಾರಿ ನೆಟ್ಟಗೆ ಇಳಿದಿದ್ದರೆ ಅದಕ್ಕಿಂತ ಒಂದು ಅಂಕಕ್ಕೂ ಜಾಸ್ತಿ.

ಇನ್ನೊಂದು ಸಣ್ಣ ಗುಟ್ಟಿದೆ. ಬೀಳದಿದ್ದರೂ ಹಾರಿಕೆ ಪೂರ್ತಿ ಆಗಿರಬೇಕೆಂದಿಲ್ಲ. ಕಾಲು ಸುತ್ತಿಗಿಂತ ಜಾಸ್ತಿ ಬಾಕಿ ಇರುವಾಗಲೇ ಐಸ್‌ಗೆ ಇಳಿದರೆ ಮೂಲ ಬೆಲೆ 80 ಶೇಕಡಾಕ್ಕೆ ಇಳಿಯುತ್ತದೆ. ಅರ್ಧ ಸುತ್ತು ಬಾಕಿ ಇದ್ದರೆ ಅದು ಕ್ವಾಡೇ ಅಲ್ಲ, ಟ್ರಿಪಲ್‌ನ ಬೆಲೆಯೇ ಗತಿ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ವೀಕ್ಷಕ ವಿವರಣೆಗಾರ ಅದ್ಭುತ ಅಂತ ಕೂಗಿರುತ್ತಾನೆ, ಕ್ಲಿಪ್ ಲಕ್ಷಗಟ್ಟಲೆ ಜನಕ್ಕೆ ಹೋಗಿರುತ್ತದೆ. ಇತ್ತ ಅಭಿಮಾನಿಗಳು ಅದೇ ಕ್ಲಿಪ್ ನಿಧಾನಕ್ಕೆ ಓಡಿಸಿ, ಬ್ಲೇಡ್ ಐಸ್ ಮುಟ್ಟಿದ ಕ್ಷಣಕ್ಕೆ ನಿಲ್ಲಿಸಿ, ಪಾದ ಯಾವ ಕಡೆ ತಿರುಗಿದೆ ಅಂತ ನೋಡುತ್ತಿರುತ್ತಾರೆ. ಅದನ್ನು ನೋಡಿದವರಿಗೆ ಇವರು ಮಗುವಿನ ಕಾಲು ಹಿಡಿದು ಎಳೆಯುವವರ ಹಾಗೆ ಕಾಣುತ್ತಾರೆ. ಆದರೆ ತೀರ್ಪುಗಾರರ ಜೊತೆ ಕೂರುವ ತಾಂತ್ರಿಕ ತಂಡ ಮಾಡುವುದೂ ಇದೇ ಕೆಲಸ, ಅಲ್ವಾ?

ದಾಖಲೆಯ ಮಾತು ಬಂದರಂತೂ ಗೊಂದಲ ಇನ್ನೂ ಜಾಸ್ತಿ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಬಂದ ಅಂಕವನ್ನು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ದಾಖಲೆಗೆ ಸೇರಿಸುವುದೇ ಇಲ್ಲ. ಅಲ್ಲಿ ತಮ್ಮ ದೇಶದ ತೀರ್ಪುಗಾರರು ತಮ್ಮ ಮಕ್ಕಳಿಗೆ ಅಂಕ ಹಾಕುತ್ತಾರೆ, ಕೈ ಸ್ವಲ್ಪ ಧಾರಾಳ. ಎಲ್ಲ ದೇಶದಲ್ಲೂ ಹೀಗೆಯೇ. ಜೊತೆಗೆ 2018ರಲ್ಲಿ ಗುಣದ ಅಂಕದ ಅಳತೆಯೇ ಬದಲಾಯಿತು. ಮೊದಲು ಅದು ಮೈನಸ್ 3ರಿಂದ ಪ್ಲಸ್ 3 ಇತ್ತು. ಹಾಗಾಗಿ ಹಳೆಯ ದಾಖಲೆಗಳನ್ನು ಮಡಿಸಿಟ್ಟು ಹೊಸ ಪುಟ ಶುರು ಮಾಡಿದರು. ಸ್ಪರ್ಧೆಯ ಎರಡನೇ, ಉದ್ದದ ಸುತ್ತಿಗೆ ಫ್ರೀ ಸ್ಕೇಟ್ ಅನ್ನುತ್ತಾರೆ; ಜೂನಿಯರ್‌ಗಳದ್ದು ಮೂರೂವರೆ ನಿಮಿಷ, ಸೀನಿಯರ್‌ಗಳದ್ದು ನಾಲ್ಕು. ಇಷ್ಟೆಲ್ಲ ಷರತ್ತುಗಳನ್ನು ತೆಗೆದುಹಾಕಿದರೆ ‘ಇತಿಹಾಸದಲ್ಲೇ ಅತಿ ಹೆಚ್ಚು ಅಂಕ’ ಎಂಬ ನಾಲ್ಕು ಪದ ಉಳಿಯುತ್ತದೆ. ಅಭಿಮಾನಿಗಳು ಕಿರುಚುವುದು ತೆಗೆದುಹಾಕಿದ್ದಕ್ಕೆ.

ಮೈ ಬೆಳೆಯುತ್ತದೆ

ಹನ್ನೆರಡು ಹದಿಮೂರರ ಹುಡುಗಿಯರು ದೊಡ್ಡವರಿಗೂ ಆಗದ ಹಾರಿಕೆ ಹಾರುವುದು ಪವಾಡ ಅಲ್ಲ, ಭೌತಶಾಸ್ತ್ರ. ಗಾಳಿಯಲ್ಲಿ ಇರುವುದು ಮುಕ್ಕಾಲು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಸಬೇಕು. ಮೈ ಸಣ್ಣಗೆ, ಸೊಂಟ ಕಿರಿದಾಗಿ, ತೂಕ ಕಡಿಮೆ ಇದ್ದಷ್ಟೂ ಬುಗುರಿ ವೇಗವಾಗಿ ತಿರುಗುತ್ತದೆ. ಎರಡು ವರ್ಷ ಕಳೆದರೆ ಹುಡುಗಿ ಎತ್ತರ ಆಗುತ್ತಾಳೆ, ಮೈ ತುಂಬಿಕೊಳ್ಳುತ್ತದೆ. ಅದೇ ಹಾರಿಕೆಗೆ ಈಗ ಬೇರೆ ಶಕ್ತಿ, ಬೇರೆ ಸಮಯ ಬೇಕು. ಕೆಲವರು ಮತ್ತೆ ಕಲಿಯುತ್ತಾರೆ. ಬಹಳ ಜನ ಕಲಿಯುವುದಿಲ್ಲ.

ಇದನ್ನು ಸ್ಕೇಟಿಂಗ್ ಗೊತ್ತಿರುವ ಪ್ರತಿಯೊಬ್ಬರೂ ಬಲ್ಲರು. ಗೊತ್ತಿದ್ದೂ ಬೆಳೆಯುವ ಪೈರು ಮೊಳಕೆಯಲ್ಲಿ ಅಂತ ಬರೆಯುತ್ತಾರೆ. ಈ ಆಟದಲ್ಲಿ ಆ ಗಾದೆ ನಡೆಯುವುದಿಲ್ಲ. ಇಲ್ಲಿ ಮೊಳಕೆ ಒಂದು ಬೆಳೆ, ಪೈರು ಇನ್ನೊಂದು ಬೆಳೆ.

ಜಪಾನಿನ ಮಿಕಿ ಆಂಡೊ ಇದಕ್ಕೆ ಒಳ್ಳೆಯ ಉದಾಹರಣೆ. 2002ರಲ್ಲಿ, 14ನೇ ವಯಸ್ಸಿನಲ್ಲಿ, ಸ್ಪರ್ಧೆಯಲ್ಲಿ ಕ್ವಾಡ್ ಹಾರಿದ ಮೊದಲ ಮಹಿಳೆ ಅವಳು. ಆಮೇಲೆ ಜಪಾನಿನ ಕ್ಯಾಮೆರಾಗಳು ಅವಳನ್ನು ಬಿಡಲೇ ಇಲ್ಲ. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಎಲ್ಲರಿಗೂ ಬೇಕಾಗಿದ್ದು ಆ ಒಂದು ಹಾರಿಕೆ. ಹಾರಿದಳು, ಬಿದ್ದಳು, 15ನೇ ಸ್ಥಾನಕ್ಕೆ ಹೋದಳು. ಕಥೆ ಮುಗಿಯಿತು ಅಂದುಕೊಂಡವರಿಗೆ ಮರುವರ್ಷವೇ ಉತ್ತರ ಸಿಕ್ಕಿತು. 2007ರಲ್ಲಿ ವಿಶ್ವ ಚಾಂಪಿಯನ್, 2011ರಲ್ಲಿ ಇನ್ನೊಮ್ಮೆ. ಎರಡು ಸಲವೂ ಕ್ವಾಡ್ ಇಲ್ಲದೆ. ಅವಳನ್ನು ಯಾವುದಕ್ಕಾಗಿ ಹೊಗಳಿದ್ದರೋ ಅದನ್ನು ಕೈಬಿಟ್ಟ ಮೇಲೆಯೇ ಅವಳು ಗೆದ್ದದ್ದು.

ನೆನಪಿನ ಮಾತು

ಟಿವಿಗೆ ನೆನಪು ನಾಲ್ಕು ವರ್ಷಕ್ಕೊಮ್ಮೆ ಅಳಿಸಿಹೋಗುತ್ತದೆ. ಅಭಿಮಾನಿಗಳಿಗೆ ಹೋಗುವುದಿಲ್ಲ.

2014ರ ಸೋಚಿ ಒಲಿಂಪಿಕ್ಸನ್ನು ತೆಗೆದುಕೊಳ್ಳಿ. ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಯಾಗೆ 15 ವರ್ಷ. ಕೆಂಪು ಕೋಟಿನ ಉಡುಪು, ಕಾಲನ್ನು ತಲೆಗಿಂತ ಮೇಲೆ ನೆಟ್ಟಗೆ ಎತ್ತಿ ಸುತ್ತುವ ಆ ಸ್ಪಿನ್. ತಂಡದ ಸ್ಪರ್ಧೆಯಲ್ಲಿ ರಷ್ಯಾ ಚಿನ್ನ ಗೆದ್ದಿತು, ಇಡೀ ಜಗತ್ತು ಅವಳ ಹೆಸರು ಹೇಳಿತು. ಕೆಲವೇ ದಿನಗಳ ನಂತರ ವೈಯಕ್ತಿಕ ಸ್ಪರ್ಧೆ. ಮೊದಲ, ಚಿಕ್ಕ ಸುತ್ತಾದ ಶಾರ್ಟ್ ಪ್ರೋಗ್ರಾಮ್‌ನಲ್ಲಿ ಬಿದ್ದಳು, ಫ್ರೀ ಸ್ಕೇಟ್‌ನಲ್ಲೂ ಬಿದ್ದಳು. ಐದನೇ ಸ್ಥಾನ. ಅದೇ ಸಂಜೆ ಚಿನ್ನ ಗೆದ್ದದ್ದು ಅದೇ ದೇಶದ ಅಡೆಲಿನಾ ಸೋಟ್ನಿಕೋವಾ. ಆ ಹತ್ತು ದಿನ ಅವಳ ಕಡೆ ತಿರುಗಿದ ಕ್ಯಾಮೆರಾಗಳು ಕಡಿಮೆ. ಲಿಪ್ನಿಟ್ಸ್ಕಯಾ 2017ರಲ್ಲಿ, 19ನೇ ವಯಸ್ಸಿಗೆ, ಆಟ ಬಿಟ್ಟರು. ಊಟವೇ ಶತ್ರುವಾಗುವ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರು ಅಂತ ಆಗ ಗೊತ್ತಾಯಿತು.

2022ರ ಬೀಜಿಂಗ್ ಇನ್ನೂ ಕಹಿ. ರಷ್ಯಾದ ಕಮಿಲಾ ವಲಿಯೆವಾಗೂ ಆಗ 15. ಫೆಬ್ರುವರಿ 7ರಂದು ಒಲಿಂಪಿಕ್ಸ್‌ನಲ್ಲಿ ಕ್ವಾಡ್ ಹಾರಿದ ಮೊದಲ ಮಹಿಳೆ ಎನಿಸಿಕೊಂಡಳು. ಅವಳ ಬಗ್ಗೆ ಬರೆಯುವಾಗ ಜನ ಮನುಷ್ಯರಿಗೆ ಬಳಸುವ ಪದಗಳನ್ನೇ ಬಿಟ್ಟಿದ್ದರು. ಮರುದಿನವೇ ಹಿಂದಿನ ಡಿಸೆಂಬರ್‌ನ ಡೋಪಿಂಗ್ ಪರೀಕ್ಷೆಯ ವರದಿ ಬಂತು, ನಿಷೇಧಿತ ಔಷಧಿ ಟ್ರೈಮೆಟಾಜಿಡಿನ್ ಸಿಕ್ಕಿತ್ತು. ಸ್ಪರ್ಧಿಸಲು ಬಿಟ್ಟರು. ಫ್ರೀ ಸ್ಕೇಟ್‌ನಲ್ಲಿ ಮತ್ತೆ ಮತ್ತೆ ಬಿದ್ದು ನಾಲ್ಕನೇ ಸ್ಥಾನಕ್ಕೆ ಇಳಿದಳು. 2024ರ ಜನವರಿಯಲ್ಲಿ ನಾಲ್ಕು ವರ್ಷದ ನಿಷೇಧ. ಆ ಫ್ರೀ ಸ್ಕೇಟ್ ರಾತ್ರಿಯ ದೃಶ್ಯಗಳನ್ನು ಮತ್ತೆ ನೋಡಲು ನನಗೆ ಇವತ್ತಿಗೂ ಆಗುವುದಿಲ್ಲ. ಮೊದಲ ವಾರ ಆಕಾಶಕ್ಕೆ ಎತ್ತಿದ ಕ್ಯಾಮೆರಾಗಳೇ ಎರಡನೇ ವಾರ ಅಳುವ ಹುಡುಗಿಯ ಮುಖದಿಂದ ಕದಲಲಿಲ್ಲ.

ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಅಂತ ನಾವು ಅನ್ನುತ್ತೇವಲ್ಲ, ಅದು ಇದೇ. ಶೂಲ ಚಿನ್ನದ್ದು ಅನ್ನುವುದೊಂದೇ ವ್ಯತ್ಯಾಸ. ಹೊಗಳಿಕೆ ಬಿದ್ದ ಸುದ್ದಿಗೂ ಬೆಲೆ ಏರಿಸಿಬಿಡುತ್ತದೆ. ಯಾರಿಗೂ ಗೊತ್ತಿಲ್ಲದ ಹುಡುಗಿ ಬಿದ್ದರೆ ಅದು ಆಟ. ಬಿರುದು ಪಡೆದವಳು ಬಿದ್ದರೆ ಅದು ಪತನ.

ಯಾಕೆ ಹೀಗೆ ಬರೆಯುತ್ತಾರೆ?

ಇದರಲ್ಲಿ ದೊಡ್ಡ ಸಂಚು ಏನಿಲ್ಲ. ದುಡ್ಡಿದೆ, ಸಮಯದ ಅಭಾವ ಇದೆ. ಅಮೆರಿಕದ ಎನ್‌ಬಿಸಿ 2014ರಲ್ಲಿ ಒಲಿಂಪಿಕ್ಸ್‌ನ ಪ್ರಸಾರ ಹಕ್ಕನ್ನು 2032ರ ತನಕ ವಿಸ್ತರಿಸಿಕೊಳ್ಳಲು ಒಪ್ಪಿದ ಮೊತ್ತ 775 ಕೋಟಿ ಡಾಲರ್. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜನ ಸೇರಿಸುವ ಆಟಗಳಲ್ಲಿ ಸ್ಕೇಟಿಂಗ್ ಮುಂದೆ. ಆದರೆ ಟಿವಿ ಮುಂದೆ ಕೂರುವವರಲ್ಲಿ ಹೆಚ್ಚಿನವರು ಕಳೆದ ನಾಲ್ಕು ವರ್ಷದಲ್ಲಿ ಒಂದು ಸ್ಪರ್ಧೆಯನ್ನೂ ನೋಡಿರುವುದಿಲ್ಲ. ಅವರಿಗೆ ಆರು ಜನರ ಪೈಪೋಟಿ ವಿವರಿಸುವಷ್ಟು ಪುರುಸೊತ್ತು ಇಲ್ಲ. ಒಂದು ಮುಖ ಬೇಕು, ಒಂದು ಕಥೆ ಬೇಕು. ಬೆಳಗಿನ ಜಾವ ಎದ್ದು ಮಗಳನ್ನು ರಿಂಕ್‌ಗೆ ಕರೆದೊಯ್ಯುವ ಅಪ್ಪ, ಗೋಡೆಯ ಮೇಲಿನ ಹಳೆಯ ಚಾಂಪಿಯನ್‌ನ ಪೋಸ್ಟರ್, ನಿಧಾನಗತಿಯಲ್ಲಿ ಹಾರುವ ಕೂದಲು. ಇಂಥ ಎರಡು ನಿಮಿಷದ ತುಣುಕುಗಳಿಗೆ ಅಭಿಮಾನಿಗಳು ಫ್ಲಫ್ ಅಂತ ಹೆಸರಿಟ್ಟಿದ್ದಾರೆ. ಹತ್ತಿಯ ಉಂಡೆ. ಹಿಂಡಿದರೆ ಏನೂ ಉಳಿಯುವುದಿಲ್ಲ.

ಒಂದೇ ಮುಖ ಹಿಡಿದರೆ ಉಳಿದವರು ಮಾಯ. 1998ರ ನಾಗಾನೊದಲ್ಲಿ ಎಲ್ಲರೂ ಮಿಷೆಲ್ ಕ್ವಾನ್‌ಗೆ ಚಿನ್ನ ಬರೆದಿಟ್ಟಿದ್ದರು. ಗೆದ್ದದ್ದು 15 ವರ್ಷದ ತಾರಾ ಲಿಪಿನ್ಸ್ಕಿ, ಅವಳೂ ಅಮೆರಿಕದವಳೇ. ಆಗ ಅಮೆರಿಕದ ಸುದ್ದಿಸಂಸ್ಥೆ ಎಂಎಸ್‌ಎನ್‌ಬಿಸಿ ಹಾಕಿದ ಶೀರ್ಷಿಕೆ ಅಮೆರಿಕದವಳು ಕ್ವಾನ್‌ರನ್ನು ಸೋಲಿಸಿದಳು ಎಂಬ ಅರ್ಥದ್ದು. ಕ್ವಾನ್ ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಆಮೇಲೆ ಕ್ಷಮೆ ಕೇಳಿದರು ಬಿಡಿ. ಕಾಲು ಶತಮಾನ ಕಳೆದರೂ ಅಭಿಮಾನಿಗಳು ಅದನ್ನು ಮರೆತಿಲ್ಲ.

ಮಿಲಾನ್

2026ರ ಫೆಬ್ರುವರಿಯಲ್ಲಿ, ಮಿಲಾನ್ ಒಲಿಂಪಿಕ್ಸ್‌ನಲ್ಲಿ, ಇದೇ ಆಟ ಗಂಡಸರ ಸ್ಪರ್ಧೆಯಲ್ಲಿ ನಡೆಯಿತು. ಅಮೆರಿಕದ ಇಲ್ಯಾ ಮಾಲಿನಿನ್‌ಗೆ 21. ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲನ್ನು ಸ್ಪರ್ಧೆಯಲ್ಲಿ ಸರಿಯಾಗಿ ಹಾರಿದ ಮೊದಲಿಗ, ಅದೂ 2022ರಲ್ಲಿ 17ನೇ ವಯಸ್ಸಿಗೆ. ಜಪಾನಿನ ಯುಜುರು ಹಾನ್ಯು ಅಂಥ ದಿಗ್ಗಜ ಅದೇ ವರ್ಷ ಬೀಜಿಂಗ್‌ನಲ್ಲಿ ಯತ್ನಿಸಿ ಬಿದ್ದ ಹಾರಿಕೆ ಅದು. 2024, 2025ರ ವಿಶ್ವ ಚಾಂಪಿಯನ್. ಎರಡು ವರ್ಷಕ್ಕೂ ಜಾಸ್ತಿ ಕಾಲ ವೈಯಕ್ತಿಕ ಸ್ಪರ್ಧೆಯಲ್ಲಿ ಸೋತೇ ಇರಲಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ತನಗೆ ತಾನೇ ‘ಕ್ವಾಡ್ ಗಾಡ್’ ಅಂತ ಹೆಸರಿಟ್ಟುಕೊಂಡಿದ್ದಾರೆ. ಮಾಧ್ಯಮಕ್ಕೆ ಇದಕ್ಕಿಂತ ಇನ್ನೇನು ಬೇಕು? ಅವರು ಗೆಲ್ಲುತ್ತಾರಾ ಎಂಬ ಪ್ರಶ್ನೆಯೇ ಇರಲಿಲ್ಲ. ಎಷ್ಟು ಅಂಕದಿಂದ, ಎಷ್ಟು ಕ್ವಾಡ್ ಹಾರಿ ಅನ್ನುವುದಷ್ಟೇ ಚರ್ಚೆ.

ಇಲ್ಲಿ ಹೊಗಳಿಕೆ ಸುಳ್ಳಲ್ಲ ಅನ್ನುವುದನ್ನು ಗಮನಿಸಿ. ಮಾಲಿನಿನ್ ನಿಜಕ್ಕೂ ಅಷ್ಟು ಮುಂದಿದ್ದರು. ಅಭಿಮಾನಿಗಳ ತಕರಾರು ಬೇರೆ ಇತ್ತು. ಐಸ್ ಜಾರುತ್ತದೆ, ಅದು ಯಾರ ಇನ್‌ಸ್ಟಾಗ್ರಾಮ್ ಹೆಸರನ್ನೂ ಓದುವುದಿಲ್ಲ. ಅಮೆರಿಕದ ನೇಥನ್ ಚೆನ್‌ಗೆ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಆದದ್ದೂ ಇದೇ. 18 ವರ್ಷ, ಜಾಹೀರಾತುಗಳ ಮುಖ, ಶಾರ್ಟ್ ಪ್ರೋಗ್ರಾಮ್‌ನಲ್ಲಿ 17ನೇ ಸ್ಥಾನ. ಕಳೆದುಕೊಳ್ಳಲು ಏನೂ ಉಳಿಯದ ಮೇಲೆ ಫ್ರೀ ಸ್ಕೇಟ್‌ನಲ್ಲಿ ಆರು ಕ್ವಾಡ್ ಹಾರಿ, ಆ ಸುತ್ತಿನಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ತೆಗೆದು ಐದನೇ ಸ್ಥಾನಕ್ಕೆ ಬಂದರು. ಚಿನ್ನ ಬಂದದ್ದು ನಾಲ್ಕು ವರ್ಷ ಆದ ಮೇಲೆ.

ಮಿಲಾನ್‌ನಲ್ಲಿ ಮಾಲಿನಿನ್ ಶಾರ್ಟ್ ಪ್ರೋಗ್ರಾಮ್ ನಂತರ ಮೊದಲ ಸ್ಥಾನದಲ್ಲಿದ್ದರು. ಫ್ರೀ ಸ್ಕೇಟ್‌ನಲ್ಲಿ ಕ್ವಾಡ್ ಆಕ್ಸೆಲ್‌ಗೆ ಹಾರಿದರು, ಗಾಳಿಯಲ್ಲಿ ಬಿಚ್ಚಿಕೊಂಡುಬಿಟ್ಟರು. ನಾಲ್ಕೂವರೆ ಸುತ್ತಬೇಕಿದ್ದ ಮೈ ಒಂದೂವರೆ ಸುತ್ತಿ ಇಳಿಯಿತು. ಸ್ಕೇಟಿಂಗ್ ಮಂದಿ ಇದಕ್ಕೆ ಪಾಪ್ ಅನ್ನುತ್ತಾರೆ. ಒಂದು ಹಾರಿಕೆ ಪಾಪ್ ಆದರೆ ಮುಂದಿನದಕ್ಕೆ ಹೋಗುವ ಹೊತ್ತಿಗೆ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ, ಕಾಲು ಕೇಳುವುದಿಲ್ಲ. ಎರಡು ಸಲ ಬಿದ್ದರು. ಎಂಟನೇ ಸ್ಥಾನ.

ಗೆದ್ದದ್ದು ಕಜಕಿಸ್ತಾನದ ಮಿಖಾಯಿಲ್ ಶೈದೊರೊವ್. ಯಾರಿವನು, ಎಲ್ಲಿಂದ ಬಂದ ಅಂತ ನಾಲ್ಕು ವರ್ಷಕ್ಕೊಮ್ಮೆ ನೋಡುವವರು ತಡಕಾಡಿದರು. ಎಲ್ಲಿಂದಲೂ ಬಂದವರಲ್ಲ. ಹಿಂದಿನ ವರ್ಷ ಬಾಸ್ಟನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾಲಿನಿನ್ ಪಕ್ಕದಲ್ಲೇ ಬೆಳ್ಳಿ ಹಾಕಿಕೊಂಡು ನಿಂತಿದ್ದರು. ಟ್ರಿಪಲ್ ಆಕ್ಸೆಲ್ ಹಾರಿ, ಇಳಿದ ಕಾಲಲ್ಲೇ ಸಣ್ಣದೊಂದು ಜಿಗಿತ ಹಾಕಿ, ಅಲ್ಲಿಂದ ಕ್ವಾಡ್‌ಗೆ ಹೋಗುವ ಅವರ ಸರಣಿ ಹಾರಿಕೆಯ ಬಗ್ಗೆ ಅಭಿಮಾನಿಗಳು ಅದಾಗಲೇ ಬೇಕಾದಷ್ಟು ಮಾತಾಡಿದ್ದರು. ಆದರೆ ಕಥೆಯಲ್ಲಿ ಅವರಿಗೆ ಪಾತ್ರವೇ ಇರಲಿಲ್ಲವಲ್ಲ. ಹಾಗಾಗಿ ಒಬ್ಬರ ಗೆಲುವು ಸುದ್ದಿಯಾಗುವ ಬದಲು ಇನ್ನೊಬ್ಬರ ಸೋಲು ಸುದ್ದಿಯಾಯಿತು. ಸೋತ ಮಾಲಿನಿನ್ ತಾವೇ ಹೋಗಿ ಶೈದೊರೊವ್‌ರನ್ನು ಅಪ್ಪಿಕೊಂಡು ಅಭಿನಂದಿಸಿದರು. ಬರೆಯುವವರಿಗಿಂತ ಅವರೇ ವಾಸಿ.

ಅಭಿಮಾನಿಗಳೇನು ಸಾಚಾನಾ?

ಅಲ್ಲ. ಈಗ ಹೊಟ್ಟೆಕಿಚ್ಚಿನವರ ಮಾತಿಗೆ ಬರೋಣ.

ಅಭಿಮಾನಿಗಳ ಭಾಷೆಯಲ್ಲಿ ಯೂಬರ್ ಎಂಬ ಪದ ಇದೆ. ಒಬ್ಬ ಸ್ಕೇಟರ್‌ಗೆ ಮನಸ್ಸು ಒಪ್ಪಿಸಿ, ಉಳಿದವರೆಲ್ಲ ಮೋಸದಿಂದ ಗೆದ್ದವರು ಅನ್ನುವ ಮಂದಿ. ಇವರಿಗೆ ಪ್ರೋಟೋಕಾಲ್ ಹಾಳೆ ಕನ್ನಡಿ ಅಲ್ಲ, ಕತ್ತಿ. ತಮ್ಮವರ ಕಾಲು ಸುತ್ತಿನ ಕೊರತೆ ಕಾಣುವುದಿಲ್ಲ, ಎದುರಾಳಿಯದ್ದು ಮೈಲಿ ದೂರದಿಂದ ಕಾಣುತ್ತದೆ. ಮಾಧ್ಯಮ ಒಂದು ಹುಡುಗಿಯನ್ನು ಅತಿಯಾಗಿ ಹೊಗಳಿದರೆ ಇವರು ಬರೆದವನನ್ನು ಬಿಟ್ಟು ಹುಡುಗಿಯನ್ನು ಹಿಡಿಯುತ್ತಾರೆ. ಹಾರಿಕೆ ಬಿಟ್ಟು ಮೈಕಟ್ಟಿನ ಬಗ್ಗೆ, ಅಪ್ಪ ಅಮ್ಮನ ಬಗ್ಗೆ, ಮುಖದ ಬಗ್ಗೆ ಬರೆಯುತ್ತಾರೆ. ಅವಳಿಗೆ ಹದಿನಾಲ್ಕು ವರ್ಷ, ಕೈಯಲ್ಲಿ ಫೋನ್ ಇದೆ, ಓದುತ್ತಾಳೆ ಅನ್ನುವುದು ಹೊಳೆಯುವುದೇ ಇಲ್ಲವೋ, ಹೊಳೆದೂ ಬರೆಯುತ್ತಾರೋ. ಎರಡನೆಯದೇ ಇರಬೇಕು ಅಂತ ನನ್ನ ಅನುಮಾನ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಂಕಪಟ್ಟಿ ಬಲ್ಲ ಅಭಿಮಾನಿಗಳೂ ಹೈಪ್‌ನ, ಅಂದರೆ ಈ ಅತಿ ಹೊಗಳಿಕೆಯ, ಕಾರ್ಖಾನೆಯಲ್ಲಿ ಕೂಲಿ ಮಾಡಿದವರೇ. ಹನ್ನೊಂದರ ಹುಡುಗಿ ಅಭ್ಯಾಸದಲ್ಲಿ ಟ್ರಿಪಲ್ ಆಕ್ಸೆಲ್ ಹಾರಿದ ಮಸುಕು ವಿಡಿಯೊವನ್ನು ಮೊದಲು ಹುಡುಕಿ ತೆಗೆಯುವುದು ಪತ್ರಕರ್ತರಲ್ಲ, ಇವರು. ಇದು ನಿಮಗೆ ಈಗ ಗೊತ್ತಾಯಿತಾ, ನನಗೆ ಎರಡು ವರ್ಷದ ಹಿಂದೆಯೇ ಗೊತ್ತಿತ್ತು ಅನ್ನುವ ಜಂಬ ಇದೆಯಲ್ಲ, ಅದರಲ್ಲಿ ನನ್ನ ಪಾಲೂ ಇದೆ. ಆ ಹುಡುಗಿ ಟಿವಿಗೆ ಬಂದ ದಿನ ನಮ್ಮ ಗುಟ್ಟು ಊರಿನ ಸೊತ್ತಾಗುತ್ತದೆ. ಸಿಟ್ಟಿನಲ್ಲಿ ಸ್ವಲ್ಪ ಭಾಗ ಅದಕ್ಕೂ ಸೇರಿದ್ದು.

ಹದಿನೇಳು

ಬೀಜಿಂಗ್‌ನ ಆ ರಾತ್ರಿ ಒಂದು ಕೆಲಸ ಮಾಡಿತು. ವಯಸ್ಸಿನ ಮಿತಿ ಏರಿಸುವ ಚರ್ಚೆ ಎಷ್ಟೋ ವರ್ಷದಿಂದ ನಡೆಯುತ್ತಲೇ ಇತ್ತು. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಮತಕ್ಕೆ ಹಾಕಿತು. ಪರವಾಗಿ 100, ವಿರುದ್ಧ 16. ಸೀನಿಯರ್ ಸ್ಪರ್ಧೆಗೆ 15 ಇದ್ದದ್ದು ಮೊದಲು 16 ಆಯಿತು, 2024ರ ಋತುವಿನಿಂದ 17.

ನಿಯಮ ಒಳ್ಳೆಯದೇ ಅಂತ ನನಗನ್ನಿಸುತ್ತದೆ. ಆದರೆ ಹೈಪ್ ಅದರಿಂದ ಕಡಿಮೆ ಆಗಲಿಲ್ಲ, ಕಾಯುವ ಹೊತ್ತು ಜಾಸ್ತಿ ಆಯಿತು ಅಷ್ಟೇ. ಕಾಯುವ ಹೊತ್ತಿನಷ್ಟು ಒಳ್ಳೆಯ ಗೊಬ್ಬರ ಹೈಪ್‌ಗೆ ಬೇರೆ ಇಲ್ಲ. ಜಪಾನಿನ ಮಾವೊ ಅಸಾದಾ 2005ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಪ್ರಿ ಫೈನಲ್ ಗೆದ್ದಾಗ 15 ತುಂಬಿತ್ತು, ಆದರೆ ಟುರಿನ್‌ಗೆ ಹೋಗಲು ಬೇಕಾದ ದಿನಾಂಕಕ್ಕೆ 87 ದಿನ ತಡವಾಗಿ ಹುಟ್ಟಿದ್ದಳು. ವಿನಾಯಿತಿ ಕೊಡಿ ಎಂಬ ಕೂಗು ಎದ್ದಿತು, ಕೊಡಲಿಲ್ಲ. ಹೋಗಿದ್ದರೆ ಗೆಲ್ಲುತ್ತಿದ್ದಳು ಎಂಬ ಮಾತು ಅವಳ ಬೆನ್ನ ಹಿಂದೆ ಬರುತ್ತಲೇ ಇತ್ತು. ಅಂದಹಾಗೆ ಆ ಚಿನ್ನ ಜಪಾನಿಗೇ ಬಂತು, ಗೆದ್ದವರು 24 ವರ್ಷದ ಶಿಜುಕಾ ಅರಕಾವಾ.

ಆ ಮಾವೊನ ಹೆಸರನ್ನೇ ಇಟ್ಟುಕೊಂಡ ಹುಡುಗಿ ಮಾವೊ ಶಿಮಾದಾ. 2023, 2024, 2025, ಮೂರು ವರ್ಷ ಸತತ ಜೂನಿಯರ್ ವಿಶ್ವ ಚಾಂಪಿಯನ್. ಹುಟ್ಟಿದ್ದು 2008ರ ಅಕ್ಟೋಬರ್ 30. ಮಿಲಾನ್‌ಗೆ ಬೇಕಿದ್ದದ್ದು 2025ರ ಜುಲೈ 1ಕ್ಕೆ 17. ನಾಲ್ಕು ತಿಂಗಳ ಕೊರತೆ. ಟ್ರಿಪಲ್ ಆಕ್ಸೆಲ್ ಇದೆ, ಕ್ವಾಡ್ ಇದೆ, ಹೆಸರಿನಲ್ಲೇ ಕಥೆ ಇದೆ. ಕುಲಾವಿ ಹೊಲಿಯುವವರಿಗೆ ಇಷ್ಟು ಬಟ್ಟೆ ಸಾಕು.

ಡೆಟ್ರಾಯ್ಟ್‌ನ ಆ ಗಿಡ್ಡ ಹುಡುಗಿ ಏನಾದಳು? ಈಗ ಏನಾದರು ಅನ್ನಬೇಕು. 2019ರ ಆಗಸ್ಟ್‌ನಲ್ಲಿ ಒಂದೇ ಕಾರ್ಯಕ್ರಮದಲ್ಲಿ ಟ್ರಿಪಲ್ ಆಕ್ಸೆಲ್, ಕ್ವಾಡ್ ಲಟ್ಸ್ ಎರಡನ್ನೂ ಹಾರಿ ಇನ್ನೊಂದು ಅಲೆ ಎಬ್ಬಿಸಿದ್ದಳು. ಮೈ ಬೆಳೆಯಿತು, ಗಾಯಗಳಾದವು, ಆ ಹಾರಿಕೆಗಳು ಒಂದೊಂದಾಗಿ ಕೈಬಿಟ್ಟವು. ಬೀಜಿಂಗ್‌ನಲ್ಲಿ ಆರನೇ ಸ್ಥಾನ. 2022ರ ಏಪ್ರಿಲ್‌ನಲ್ಲಿ, 16ನೇ ವಯಸ್ಸಿಗೆ, ಸಾಕು ಅಂತ ಬರೆದು ಹೊರಟುಹೋದಳು. ಸುದ್ದಿ ಬೇರೆ ಹುಡುಗಿಯರ ಕಡೆ ತಿರುಗಿತು. ಯಾರೂ ನೋಡದ ಎರಡು ವರ್ಷ ಸಿಕ್ಕಿತು ಅವಳಿಗೆ.

2024ರಲ್ಲಿ ವಾಪಸ್ ಬಂದರು. ಉಂಗುರ ಉಂಗುರವಾಗಿ ಬಣ್ಣ ಹಾಕಿದ ಕೂದಲು, ನಕ್ಕರೆ ಕಾಣುವ ಬಾಯೊಳಗಿನ ಚುಚ್ಚು. 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್, 2006ರ ನಂತರ ಅಮೆರಿಕದ ಮಹಿಳೆಗೆ ಅದೇ ಮೊದಲು. 2026ರಲ್ಲಿ ಮಿಲಾನ್‌ನಲ್ಲಿ ಒಲಿಂಪಿಕ್ ಚಿನ್ನ. ಕ್ವಾಡ್ ಇರಲಿಲ್ಲ, ಟ್ರಿಪಲ್ ಆಕ್ಸೆಲ್ ಕೂಡ ಇರಲಿಲ್ಲ. ಈ ಸಲ ವೇದಿಕೆ ಹತ್ತಲು ಯಾರ ಕೈಯೂ ಬೇಕಾಗಲಿಲ್ಲ.

ಮುಂದಿನ ಒಲಿಂಪಿಕ್ಸ್ 2030ಕ್ಕೆ, ಫ್ರಾನ್ಸಿನ ಆಲ್ಪ್ಸ್‌ನಲ್ಲಿ. ಶಿಮಾದಾಗೆ ಆಗ 21.